ಯಾರ ಮನೆ, ಯಾವ ದಿನದ ಬೆಲೆ?

ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ ಇವೆ, ಮಧ್ಯಸ್ಥಿಕೆ ಕೇಂದ್ರವೂ ಇದೆ. ವಿಚ್ಛೇದನಕ್ಕೆಂದು ಅಲ್ಲಿಗೆ ಬರುವವರ ಕಡತದಲ್ಲಿ ಮದುವೆಯ ಫೋಟೊ, ಲಗ್ನಪತ್ರಿಕೆಗಳ ಬೆನ್ನಿಗೆ ಎಷ್ಟೋ ಸಲ ಇನ್ನೊಂದು ದಪ್ಪ ಕಾಗದಪತ್ರ ಇರುತ್ತದೆ. ಅದು ಮನೆಯ ವ್ಯಾಲ್ಯುಯೇಷನ್ ರಿಪೋರ್ಟು. ಮಕ್ಕಳು ಯಾರ ಹತ್ತಿರ ಇರಬೇಕು, ಭಾನುವಾರ ಯಾರು ಕರೆದುಕೊಂಡು ಹೋಗಬೇಕು ಎಂಬುದೆಲ್ಲ ಹೇಗೋ ಇತ್ಯರ್ಥವಾದ ಮೇಲೂ ಮನೆಯ ಬೆಲೆಗೆ ಬಂದಾಗ ಮಾತು ಕಚ್ಚಿಕೊಳ್ಳುತ್ತದೆ. ಅವರ ಕಡೆಯ ವರದಿಯಲ್ಲಿ ಒಂದು ಕೋಟಿ ನಲವತ್ತು ಲಕ್ಷ, ಇವರ ಕಡೆಯದರಲ್ಲಿ ಒಂದು ಕೋಟಿ ಎಪ್ಪತ್ತು. ಮನೆ ಒಂದೇ, ಬೀದಿ ಒಂದೇ. ವ್ಯಾಲ್ಯುಯರ್ ದುಡ್ಡು ತಿಂದಿರಬೇಕು ಎಂದು ಇಬ್ಬರೂ ಅಂದುಕೊಳ್ಳುತ್ತಾರೆ. ಅಂಥವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ಸಲ ಇಬ್ಬರು ವ್ಯಾಲ್ಯುಯರ್‌ಗಳಿಗೆ ಕೇಳಿದ ಪ್ರಶ್ನೆಯೇ ಬೇರೆ ಬೇರೆ ಆಗಿರುತ್ತದೆ. ಉತ್ತರಗಳೂ ಬೇರೆಯಾದವು, ಅಷ್ಟೆ.

ಬೆಲೆಗೆ ಬರುವ ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ವಿಚ್ಛೇದನವಾದರೆ ಮನೆಯಲ್ಲಿ ಅರ್ಧ ತಾನಾಗಿಯೇ ಬರುತ್ತದೆ ಎಂದು ನಂಬಿರುವವರು ಬೇಕಾದಷ್ಟು ಮಂದಿ. ಸಿನಿಮಾ ನೋಡಿಯೋ, ಅಮೆರಿಕದಲ್ಲಿರುವ ನೆಂಟರ ಮಾತು ಕೇಳಿಯೋ ಬಂದ ನಂಬಿಕೆ ಇದು. ನಮ್ಮಲ್ಲಿ ಹಾಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಾಗಲಿ, 1954ರ ವಿಶೇಷ ವಿವಾಹ ಕಾಯ್ದೆಯಲ್ಲಾಗಲಿ, ದಾಂಪತ್ಯದಲ್ಲಿ ಗಳಿಸಿದ ಆಸ್ತಿಯನ್ನು ಸಮನಾಗಿ ಹಂಚಿ ಎನ್ನುವ ಕಲಂ ಇಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಮನೆ ಮೊದಲಿಗೆ ಅವರದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿಗೆ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಆಸ್ತಿಯ ಬಗ್ಗೆ ಮಾತಾಡುತ್ತದೆ. ಹತ್ತು ವರ್ಷದ ಮೇಲೆ ಸಾಲ ಮಾಡಿ ಕಟ್ಟಿದ ಮನೆಯ ಬಗ್ಗೆ ಅಲ್ಲ.

ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಕಾನೂನೇ ಬೇರೆ. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಮುಂದುವರಿಕೆಯಾಗಿ, ಬೇರೆ ಕರಾರು ಮಾಡಿಕೊಳ್ಳದ ದಂಪತಿಯ ಆಸ್ತಿ ಒಟ್ಟಾಗುತ್ತದೆ, ಇಬ್ಬರಿಗೂ ಅರ್ಧರ್ಧ. ಉಳಿದ ದೇಶಕ್ಕೂ ಇಂಥದ್ದೊಂದು ಬರಬಹುದಿತ್ತು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅಂಶವಿದ್ದ ವಿವಾಹ ಕಾನೂನು ತಿದ್ದುಪಡಿ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು. ಮರುವರ್ಷ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಅದರ ಜೊತೆ ಹೋಯಿತು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು, ಮನೆ ನೋಡಿಕೊಂಡ ಗೃಹಿಣಿಯ ದುಡಿಮೆಯೂ ಗಂಡ ಕೊಂಡ ಆಸ್ತಿಗೆ ಸಂದ ಕೊಡುಗೆಯೇ, ಅವಳಿಗೂ ಸಮಪಾಲು ಉಂಟು ಎಂದಿತು. ಒಳ್ಳೆಯ ಮಾತು. ಆದರೆ ಅದು ಇಡೀ ದೇಶದ ಕಾನೂನಾಗಿಲ್ಲ.

ಹಾಗಾಗಿ ವ್ಯಾಲ್ಯುಯರ್‌ಗೆ ಫೋನ್ ಮಾಡುವ ಮೊದಲು ಕ್ರಯಪತ್ರ ತೆಗೆದು ಓದಬೇಕು. ಇಬ್ಬರ ಹೆಸರಿದ್ದರೆ ಪಾಲು ಎಷ್ಟೆಂದು ಬರೆದಿದೆಯೇ? ಬಹುತೇಕ ಬರೆದಿರುವುದಿಲ್ಲ. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಂ ಕೆಲಸಕ್ಕೆ ಬರುತ್ತದೆ. ಬೇರೆ ಬೇರೆ ಹಣ ಹಾಕಿದ್ದರೆ ಹಾಕಿದ ಪ್ರಮಾಣದಲ್ಲಿ ಪಾಲು, ಯಾರು ಎಷ್ಟು ಹಾಕಿದರು ಎಂಬುದಕ್ಕೆ ಸಾಕ್ಷಿ ಇಲ್ಲದಿದ್ದರೆ ಸಮಪಾಲು. ಅದಕ್ಕೇ ಇಂಥ ಕೇಸುಗಳಲ್ಲಿ ವಕೀಲರು ಮೊದಲು ಕೇಳುವುದು ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟು. ಮುಂಗಡ ಯಾರ ಖಾತೆಯಿಂದ ಹೋಯಿತು, ಇಎಂಐ ಯಾರ ಸಂಬಳದಿಂದ ಕಟ್ ಆಯಿತು, ಒಡವೆ ಮಾರಿದ ಚೀಟಿ ಇದೆಯೇ. ಗಂಡ ತನ್ನ ದುಡ್ಡಿನಲ್ಲಿ ಕೊಂಡು ಹೆಂಡತಿಯ ಹೆಸರಿಗೆ ಮಾಡಿದ್ದಾನೆ ಎಂದಾದರೆ ಅದೂ ಒಂದು ಜಗಳ. ಗೊತ್ತಿರುವ ಆದಾಯದಿಂದ ಗಂಡ ಅಥವಾ ಹೆಂಡತಿಯ ಹೆಸರಲ್ಲಿ ಕೊಂಡದ್ದನ್ನು ಬೇನಾಮಿ ಕಾಯ್ದೆ ನಿಷೇಧದಿಂದ ಹೊರಗಿಟ್ಟಿರುವುದರಿಂದ, ನಿಜವಾದ ಮಾಲೀಕ ನಾನು ಎಂದು ವಾದಿಸಲು ಅವನಿಗೆ ಜಾಗ ಉಂಟು.

ಎಲ್ಲಕ್ಕಿಂತ ಕಷ್ಟದ್ದು ಮಾವನ ಸೈಟಿನಲ್ಲಿ ಕಟ್ಟಿದ ಮನೆ. ಸೈಟು ಗಂಡನ ತಂದೆಯ ಹೆಸರಲ್ಲಿ, ಮೇಲಿನ ಮಹಡಿಯ ಸಾಲ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ. ಹನ್ನೆರಡು ವರ್ಷ ಇಎಂಐ ಕಟ್ಟಿದ ಸೊಸೆಗೆ ಆ ಮನೆಯ ಒಂದು ಇಟ್ಟಿಗೆಯ ಮೇಲೂ ಹಕ್ಕುಪತ್ರ ಇರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅಲ್ಲಿ ವಾಸಿಸುವ ಹಕ್ಕನ್ನು ಅವಳು ಕೇಳಬಹುದು. ಮನೆ ಅತ್ತೆ ಮಾವನದಾದರೂ ಅದು ಹಂಚಿಕೊಂಡು ಬಾಳಿದ ಮನೆಯಾಗಿದ್ದರೆ ಈ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ವಾಸದ ಹಕ್ಕು ಬೇರೆ, ಮಾಲೀಕತ್ವ ಬೇರೆ. ಇಂಥ ಮನೆಗೆ ಬೆಲೆ ಕಟ್ಟಿಸಿ ಅರ್ಧ ಕೇಳಲು ಹೋದರೆ ವ್ಯಾಲ್ಯುಯರ್ ಫೀಸು ದಂಡ. ಅವಳು ಲೆಕ್ಕ ಹಾಕಿಸಬೇಕಾದ್ದು ತಾನು ಕೊಟ್ಟ ಹಣವನ್ನು, ಮನೆಯ ಬೆಲೆಯನ್ನಲ್ಲ.

ಹಾಗಾದರೆ ಗಂಡನೊಬ್ಬನ ಹೆಸರಲ್ಲಿರುವ ಮನೆಯ ಬೆಲೆ ಹೆಂಡತಿಗೆ ಬೇಡವೇ? ಬೇಕು, ಬೇರೆ ಕಾರಣಕ್ಕೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಶಾಶ್ವತ ಜೀವನಾಂಶ ನಿಗದಿ ಮಾಡುವಾಗ ಕೋರ್ಟು ಇಬ್ಬರ ಆದಾಯದ ಜೊತೆ ಆಸ್ತಿಯನ್ನೂ ನೋಡಬೇಕು. ಜೀವನಾಂಶದ ಬಾಬ್ತು ಆ ಮನೆಯ ಮೇಲೆಯೇ ಹೊರೆ ಹಾಕಲೂಬಹುದು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯಗಳ ಪ್ರಮಾಣಪತ್ರ ಸಲ್ಲಿಸಬೇಕು. ಇಲ್ಲಿ ಒಂದು ತಮಾಷೆ ನಡೆಯುತ್ತದೆ. ಜೀವನಾಂಶದ ಕೇಸಿನಲ್ಲಿ ಗಂಡನಿಗೆ ಮನೆ ಅಗ್ಗವಾಗಬೇಕು. ಅದೇ ಮನೆ ಜಂಟಿ ಹೆಸರಲ್ಲಿದ್ದು, ಹೆಂಡತಿ ಅದನ್ನು ಉಳಿಸಿಕೊಂಡು ಅವನ ಪಾಲು ಕೊಡಬೇಕಾದಾಗ ಮನೆ ತುಟ್ಟಿಯಾಗಬೇಕು. ಒಂದು ಕೋರ್ಟ್ ಹಾಲ್‌ನಲ್ಲಿ ಕೋಟಿ ಹತ್ತು ಲಕ್ಷ ಎಂದು ಪ್ರಮಾಣ ಮಾಡಿದವನು ಇನ್ನೊಂದರಲ್ಲಿ ಕೋಟಿ ಎಪ್ಪತ್ತು ಎಂದರೆ, ಪಾಟಿ ಸವಾಲಿಗೆ ನಿಂತ ವಕೀಲರಿಗೆ ಬೇರೇನೂ ಬೇಡ. ಹೆಂಗಸರೂ ಇದೇ ಆಟವನ್ನು ತಿರುಗಾಮುರುಗಾ ಆಡುವುದುಂಟು.

ಇನ್ನು ಬೆಲೆ ಹೇಳುವವರ ವಿಷಯ. ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಬ್ರೋಕರ್ ಹೇಳುವುದು ಮಾರುವವನ ಆಸೆ ಕೆರಳಿಸುವ ಬೆಲೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕ ವಸೂಲಿಗೆಂದು ಸರ್ಕಾರ ಇಟ್ಟುಕೊಂಡ ಕನಿಷ್ಠ ಲೆಕ್ಕ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದನ್ನು ಪರಿಷ್ಕರಿಸಿದ್ದು ಸುಮಾರು ಐದು ವರ್ಷಗಳ ನಂತರ. ಆ ನಡುವಿನ ವರ್ಷಗಳಲ್ಲಿ ಮಾರುಕಟ್ಟೆ ಸುಮ್ಮನೆ ಕೂತಿರಲಿಲ್ಲ. ಇಡೀ ಬಡಾವಣೆಗೆ ಒಂದು ದರವಾದ್ದರಿಂದ ಮೂಲೆ ಸೈಟು, ಮೋರಿ ಪಕ್ಕದ ಸೈಟು ಎಂಬ ಭೇದವೂ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮಾರ್ಗಸೂಚಿ ದರದ ಮೇಲೆ ಪಾಲು ಇತ್ಯರ್ಥ ಮಾಡಿಕೊಳ್ಳೋಣ, ಸರ್ಕಾರಿ ರೇಟಲ್ಲವೇ ಎಂದು ಒಬ್ಬರು ಹೇಳಿದರೆ, ಮನೆ ಉಳಿಸಿಕೊಳ್ಳುವವರು ಅವರೇ ಇರಬೇಕು ಎಂದು ತಿಳಿಯಿರಿ.

ಕೋರ್ಟಿನಲ್ಲಿ ತೂಕವಿರುವುದು ನೋಂದಾಯಿತ ವ್ಯಾಲ್ಯುಯರ್ ವರದಿಗೆ. 1957ರ ಸಂಪತ್ತು ತೆರಿಗೆ ಕಾಯ್ದೆಯಡಿ ನೋಂದಣಿ ಪಡೆದವರು ಒಂದು ಬಗೆ. ಆ ತೆರಿಗೆ 2016ರಲ್ಲೇ ಹೋಯಿತು, ಅದರ ಕೆಳಗೆ ಹುಟ್ಟಿದ ವ್ಯಾಲ್ಯುಯರ್ ವೃತ್ತಿ ಮಾತ್ರ ಉಳಿದುಕೊಂಡಿತು. ಕಂಪನಿ ಕಾಯ್ದೆಯ 2017ರ ನಿಯಮಗಳಡಿ ಪರೀಕ್ಷೆ ಪಾಸಾಗಿ ಜಮೀನು ಮತ್ತು ಕಟ್ಟಡ ವಿಭಾಗದಲ್ಲಿ ನೋಂದಾಯಿಸಿಕೊಂಡವರು ಇನ್ನೊಂದು ಬಗೆ. ಹೆಚ್ಚಿನವರು ಸಿವಿಲ್ ಎಂಜಿನಿಯರುಗಳು, ಬ್ಯಾಂಕಿನ ಪಟ್ಟಿಯಲ್ಲಿ ಇರುವವರು. ಬ್ಯಾಂಕಿಗಾಗಿ ದಿನಕ್ಕೆ ನಾಲ್ಕು ಮನೆ ನೋಡುವ ವ್ಯಾಲ್ಯುಯರ್‌ಗೂ, ನಾಳೆ ಕಟಕಟೆಯಲ್ಲಿ ನಿಂತು ಈ ದರ ಎಲ್ಲಿಂದ ತಂದಿರಿ ಎಂಬುದಕ್ಕೆ ಉತ್ತರ ಹೇಳಬಲ್ಲವರಿಗೂ ವ್ಯತ್ಯಾಸವಿದೆ. ನೇಮಿಸುವಾಗಲೇ ಕೇಳಿಬಿಡಿ: ಸಾಕ್ಷಿ ಹೇಳಲು ಬರುತ್ತೀರಾ?

ಒಳ್ಳೆಯ ವ್ಯಾಲ್ಯುಯರ್ ಬಂದ ದಿನ ಮನೆಯಲ್ಲಿ ಏನಾಗುತ್ತದೆ ನೋಡಿ. ಅವರು ಒಳಗೆ ಬರುವ ಮೊದಲು ಹೊರಗೆ ಒಂದು ಸುತ್ತು ಹಾಕುತ್ತಾರೆ. ಕ್ರಯಪತ್ರದ ಚಕ್ಕುಬಂದಿ ಹಿಡಿದು ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ ಇಂಥದ್ದು ಎಂದು ತಾಳೆ ನೋಡುತ್ತಾರೆ. ಲೇಸರ್ ಮೀಟರ್ ಗೋಡೆಗಿಟ್ಟು ಅಳೆಯುತ್ತಾರೆ. ಮಂಜೂರಾದ ನಕ್ಷೆಯಲ್ಲಿ ನೆಲಮಹಡಿ, ಮೊದಲ ಮಹಡಿ ಮಾತ್ರ ಇದ್ದು ಮೇಲೊಂದು ಶೀಟಿನ ರೂಮು ಎದ್ದಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳುತ್ತಾರೆ. ಪಕ್ಕದ ಗೋಡೆಗೂ ಕಟ್ಟಡಕ್ಕೂ ಬಿಡಬೇಕಿದ್ದ ಮೂರಡಿಯಲ್ಲಿ ಒಂದಡಿ ಉಳಿದಿದ್ದರೆ ಅದೂ ವರದಿಗೆ ಹೋಗುತ್ತದೆ. ಸ್ನಾನದ ಮನೆಯ ಹಿಂದಿನ ಗೋಡೆಗೆ ಅಂಗೈ ಒತ್ತಿ ತೇವ ನೋಡುತ್ತಾರೆ, ಸಂಪು ಎಷ್ಟು ಲೀಟರು, ಬೋರ್‌ವೆಲ್‌ನಲ್ಲಿ ನೀರಿದೆಯೇ ಎಂದು ಕೇಳುತ್ತಾರೆ. ಎಷ್ಟೋ ತಿಂಗಳ ಮೇಲೆ ಆ ಮನೆಗೆ ಬಂದ ಗಂಡ ಗೇಟಿನ ಹತ್ತಿರವೇ ನಿಂತು, ಕಿಟಕಿಯ ಗ್ರಿಲ್ಲು ನಾನು ಸ್ಪೆಷಲ್ಲಾಗಿ ಮಾಡಿಸಿದ್ದು ಎನ್ನುತ್ತಾನೆ. ಆ ಸಾಗುವಾನಿ ಬಾಗಿಲಿಗೆ ದುಡ್ಡು ಕೊಟ್ಟದ್ದು ನಮ್ಮಪ್ಪ ಎಂದು ಒಳಗಿನಿಂದ ಉತ್ತರ ಬರುತ್ತದೆ. ವ್ಯಾಲ್ಯುಯರ್ ಎರಡನ್ನೂ ಬರೆದುಕೊಳ್ಳುವುದಿಲ್ಲ. ಬಾಗಿಲು ಸಾಗುವಾನಿ ಎಂಬುದಷ್ಟೇ ಅವರ ಲೆಕ್ಕ, ಯಾರ ಅಪ್ಪ ಎಂಬುದು ಜಡ್ಜ್ ಸಾಹೇಬರ ಲೆಕ್ಕ. ಒಂದು ರೂಮಿಗೆ ಬೀಗ ಹಾಕಿಕೊಂಡು ತೋರಿಸದಿದ್ದರೆ ಒಳಗೆ ನೋಡಲು ಬಿಡಲಿಲ್ಲ ಎಂದು ವರದಿಯಲ್ಲಿ ಬರೆಯುತ್ತಾರೆ. ಬೀಗ ಹಾಕಿದವರಿಗೆ ಮುಂದೆ ಆ ಸಾಲು ಮುಳುವಾಗುತ್ತದೆ.

ಲೆಕ್ಕ ಹೇಗೆ ಹಾಕುತ್ತಾರೆ ಎಂಬುದನ್ನು ಒಂದು ಮಾದರಿಯಲ್ಲಿ ನೋಡೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಇಟ್ಟುಕೊಂಡವು. ಸಿಂಗಸಂದ್ರದ ಕಡೆ ಒಂದು ಮೂವತ್ತು ನಲವತ್ತರ ಸೈಟು, ಅಂದರೆ 1,200 ಚದರಡಿ. ಮೇಲೆ ಹದಿನೆಂಟು ಚದರದ ಮನೆ, ಕಟ್ಟಿ ಹದಿನೆಂಟು ವರ್ಷ. ಸೈಟಿಗೆ ಚದರಡಿಗೆ 12,000 ರೂಪಾಯಿ ಹಿಡಿದರೆ 1.44 ಕೋಟಿ. ಇಂದು ಅಂಥ ಮನೆಯನ್ನು ಹೊಸದಾಗಿ ಕಟ್ಟಲು ಚದರಕ್ಕೆ 2 ಲಕ್ಷ ಎಂದರೆ 36 ಲಕ್ಷ. ಕಾಂಕ್ರೀಟ್ ಕಟ್ಟಡದ ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ 10 ಎಂದು ಹಿಡಿದರೆ ಹದಿನೆಂಟು ವರ್ಷದ ಸವಕಳಿ ಶೇ 27. ಕಳೆದರೆ ಕಟ್ಟಡಕ್ಕೆ ಉಳಿಯುವುದು 26.28 ಲಕ್ಷ. ಒಟ್ಟು 1,70,28,000. ಈಗ ಇನ್ನೊಬ್ಬ ವ್ಯಾಲ್ಯುಯರ್ ಸೈಟಿಗೆ 9,500 ಹಿಡಿದರು ಎನ್ನಿ. ಉಳಿದದ್ದೆಲ್ಲ ಹಾಗೇ ಇದ್ದರೂ ಮೊತ್ತ 1,40,28,000ಕ್ಕೆ ಇಳಿಯಿತು. ಮೂವತ್ತು ಲಕ್ಷದ ಜಗಳ ಇರುವುದು ಟೈಲ್ಸು, ಬಾಗಿಲು, ಗ್ರಿಲ್ಲಿನಲ್ಲಲ್ಲ, ಸೈಟಿನ ದರ ಎಂಬ ಒಂದೇ ಸಾಲಿನಲ್ಲಿ. ವರದಿ ಕೈಗೆ ಬಂದರೆ ಮೊದಲು ಆ ಸಾಲನ್ನು ಹುಡುಕಿ. ಅದಕ್ಕೆ ಆಧಾರ ಏನು ಕೊಟ್ಟಿದ್ದಾರೆ ನೋಡಿ. ಸ್ಥಳೀಯವಾಗಿ ವಿಚಾರಿಸಲಾಗಿದೆ ಎಂದಷ್ಟೇ ಬರೆದಿದ್ದರೆ ಅದು ಆಧಾರವಲ್ಲ.

ಆಧಾರ ಸಿಗುವುದೂ ಕಷ್ಟವೇ. ಅಕ್ಕಪಕ್ಕದ ಸೈಟುಗಳು ಎಷ್ಟಕ್ಕೆ ಮಾರಾಟವಾದವು ಎಂದು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಬಹುದು. ಆದರೆ ನಮ್ಮೂರಿನ ಕ್ರಯಪತ್ರಗಳಲ್ಲಿ ಬಿಳಿಯದು ಮಾತ್ರ ಕಾಣುತ್ತದೆ, ಕಪ್ಪಿನದು ಕಾಗದದ ಹೊರಗೆ ಕೈ ಬದಲಾಗಿರುತ್ತದೆ. ಹಾಗಾಗಿ ಕಾಗದದ ಬೆಲೆ ಕಡಿಮೆ, ಬಾಯಿಯ ಬೆಲೆ ಹೆಚ್ಚು, ನಿಜ ಎಲ್ಲೋ ನಡುವೆ. ಅಪಾರ್ಟ್‌ಮೆಂಟುಗಳಲ್ಲಿ ಈ ಕಷ್ಟ ಕಡಿಮೆ. ಒಂದೇ ಕಟ್ಟಡದಲ್ಲಿ ಅದೇ ಅಳತೆಯ ನಾಲ್ಕು ಫ್ಲ್ಯಾಟು ಬ್ಯಾಂಕ್ ಸಾಲದ ಮೇಲೆ ಮಾರಾಟವಾಗಿರುತ್ತವೆ. ಅಲ್ಲಿ ನೋಡಬೇಕಾದ್ದು ಸೂಪರ್ ಬಿಲ್ಟ್ಅಪ್ ಅಳತೆಗೆ ದರ ಹಾಕಿದ್ದಾರೋ ಕಾರ್ಪೆಟ್ ಅಳತೆಗೋ ಎಂಬುದನ್ನು, ಜಮೀನಿನಲ್ಲಿರುವ ಅವಿಭಾಜ್ಯ ಪಾಲು ಎಷ್ಟೆಂಬುದನ್ನು. ಬಿ ಖಾತಾ ಮನೆಯಾದರೆ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸುಲಭವಾಗಿ ಸಿಗದು, ಬೆಲೆ ಇಳಿಯುತ್ತದೆ. ಪಕ್ಕದ ಎ ಖಾತಾ ಮನೆಯ ದರವನ್ನು ಅದಕ್ಕೆ ಅಂಟಿಸಿದ ವರದಿ ನಿಲ್ಲುವುದಿಲ್ಲ.

ಇನ್ನೊಂದು ಕಣ್ಕಟ್ಟು ಬ್ಯಾಂಕಿಗೆಂದು ಬರೆದ ವರದಿಗಳಲ್ಲಿ ಇರುತ್ತದೆ. ಅವುಗಳ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಮೂರು ಮೊತ್ತ. ಮಾರುಕಟ್ಟೆ ಬೆಲೆ ಒಂದು, ಸ್ವಲ್ಪ ಬೇಗ ಮಾರಿದರೆ ಕೈಗೆ ಬರಬಹುದಾದ್ದು ಇನ್ನೊಂದು, ಸಾಲ ಕಟ್ಟದೆ ಬ್ಯಾಂಕು ಹರಾಜಿಗಿಟ್ಟರೆ ಸಿಗುವುದು ಮೂರನೆಯದು. ಮೂರನೆಯದು ಮೊದಲನೆಯದಕ್ಕಿಂತ ಎಷ್ಟೋ ಕೆಳಗೆ. ಒಂದೇ ವರದಿಯಿಂದ ಗಂಡ ಮೊದಲ ಅಂಕಿಯನ್ನೂ ಹೆಂಡತಿ ಮೂರನೆಯದನ್ನೂ ಎತ್ತಿ ಹೇಳಬಹುದು, ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. ನನ್ನ ಪ್ರಕಾರ ಇಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಒಬ್ಬರು ಮನೆ ಉಳಿಸಿಕೊಂಡು ಇನ್ನೊಬ್ಬರಿಗೆ ಪಾಲು ಕೊಡುವುದಾದರೆ ಮಾರುಕಟ್ಟೆ ಬೆಲೆಯೇ ಸರಿ. ಯಾರೂ ಹರಾಜು ಹಾಕುತ್ತಿಲ್ಲವಲ್ಲ.

ಬೆಲೆ ಯಾವ ದಿನದ್ದು ಎಂಬುದು ಜನ ಮರೆಯುವ ಪ್ರಶ್ನೆ. ಬೇರೆಯಾದ ದಿನವೇ, ಕೇಸು ಹಾಕಿದ ದಿನವೇ, ಇತ್ಯರ್ಥದ ದಿನವೇ? ನಮ್ಮ ವಿವಾಹ ಕಾಯ್ದೆಗಳು ಇದಕ್ಕೆ ಒಂದು ತಾರೀಖು ಕೊಟ್ಟಿಲ್ಲ. ಸಿಂಗಸಂದ್ರದ ಮನೆಯನ್ನೇ ತೆಗೆದುಕೊಳ್ಳಿ. ಅದರ ಮಾಲೀಕ ದಂಪತಿ 2021ರಲ್ಲಿ ಬೇರೆಯಾದರು ಎನ್ನಿ, ಕೇಸು ಎಳೆಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ ಶುರುವಾಯಿತು, ಸಿಂಗಸಂದ್ರದಲ್ಲೇ ಒಂದು ನಿಲ್ದಾಣ. ಮೆಟ್ರೊ ಬಂದ ಮೇಲಿನ ಏರಿಕೆ ಯಾರಿಗೆ ಸೇರಬೇಕು? ಇಬ್ಬರೂ ಇನ್ನೂ ಜಂಟಿ ಮಾಲೀಕರಾಗಿದ್ದರಿಂದ ಇಬ್ಬರಿಗೂ ಎನ್ನುವುದು ನನಗೆ ನ್ಯಾಯವಾಗಿ ಕಾಣುತ್ತದೆ. ಮೆಟ್ರೊ ತಂದದ್ದು ಇಬ್ಬರಲ್ಲಿ ಯಾರೂ ಅಲ್ಲ. ಆದರೆ ಆ ನಾಲ್ಕು ವರ್ಷದಲ್ಲಿ ಒಬ್ಬರೇ ಚಾವಣಿ ದುರಸ್ತಿ ಮಾಡಿಸಿ ಮೇಲೆ ಎರಡು ರೂಮು ಕಟ್ಟಿದ್ದರೆ ಆ ಭಾಗದ ಲೆಕ್ಕ ಬೇರೆ. ಯಾವ ತಾರೀಖಿನ ಬೆಲೆ ಎಂಬುದನ್ನು ವ್ಯಾಲ್ಯುಯರ್‌ಗೆ ಬರೆದೇ ಕೊಡಬೇಕು, ಬಾಯಲ್ಲಿ ಹೇಳಿದರೆ ಸಾಲದು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಆರು ತಿಂಗಳ ಕಾಯುವಿಕೆ ಇರುತ್ತದೆ. 2017ರಿಂದೀಚೆಗೆ ತಕ್ಕ ಕಾರಣವಿದ್ದರೆ ಕೋರ್ಟು ಅದನ್ನು ಬಿಡಬಹುದು. ಕಾಯುವಿಕೆ ಇದ್ದರೂ, ಅರ್ಜಿಯ ದಿನ ಒಪ್ಪಿಕೊಂಡ ಮೊತ್ತವನ್ನು ಮತ್ತೆ ಕೆದಕುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಕ್ಷೇಮ.

ಒಟ್ಟು ಬೆಲೆ ಸಿಕ್ಕಿದ ಮೇಲೆ ಅರ್ಧ ಮಾಡಿ ಎದ್ದು ಹೋಗುವವರಿದ್ದಾರೆ. ಹಂಚಬೇಕಾದ್ದು ಸಾಲ ಕಳೆದು ಉಳಿದದ್ದನ್ನು. ನಮ್ಮ ಮಾದರಿ ಮನೆಯ ಮೇಲೆ ಬ್ಯಾಂಕಿಗೆ ಇನ್ನೂ 42 ಲಕ್ಷ ಬಾಕಿ ಎನ್ನಿ. 1.70 ಕೋಟಿಯ ಲೆಕ್ಕದಲ್ಲಿ ಉಳಿಯುವುದು 1,28,28,000, ತಲಾ 64.14 ಲಕ್ಷ. ನಿಲ್ಲಿ, ಕೆಳಗಿನ ಮನೆಯನ್ನು ಭೋಗ್ಯಕ್ಕೆ ಕೊಟ್ಟಿದ್ದಾರಲ್ಲ! ಭೋಗ್ಯದ 15 ಲಕ್ಷವನ್ನು ಮೂರು ವರ್ಷದ ಹಿಂದೆ ತೆಗೆದುಕೊಂಡು ಗಂಡ ಎಲ್ಲೋ ಹಾಕಿದ್ದಾನೆ. ಆ ಬಾಡಿಗೆದಾರ ಮನೆ ಬಿಡುವ ದಿನ ಯಾರ ಮುಂದೆ ನಿಲ್ಲುತ್ತಾನೆ? ಮನೆ ಉಳಿಸಿಕೊಂಡವರ ಮುಂದೆ. ಅದನ್ನೂ ಕಳೆದರೆ ತಲಾ ಪಾಲು 56.64 ಲಕ್ಷ. ಅಷ್ಟೇ ಅಲ್ಲ, ಆ 15 ಲಕ್ಷ ಗಂಡನ ಕೈಯಲ್ಲೇ ಉಳಿದಿದ್ದರೆ ಅದರ ಅರ್ಧವನ್ನು ಅವನ ಪಾಲಿನಿಂದ ಮತ್ತೆ ಹಿಡಿಯಬೇಕು. ಭೋಗ್ಯದ ಕರಾರನ್ನು ಬಹಳ ಜನ ನೋಂದಣಿ ಮಾಡಿಸಿರುವುದಿಲ್ಲ, ಹಾಗಾಗಿ ಅದು ಇಸಿಯಲ್ಲಿ ಕಾಣುವುದಿಲ್ಲ. ವ್ಯಾಲ್ಯುಯರ್‌ಗೆ ಯಾರೂ ಹೇಳದಿದ್ದರೆ ವರದಿಯಲ್ಲೂ ಬರುವುದಿಲ್ಲ. ಬೆಂಗಳೂರಿನಲ್ಲಿ ಇಷ್ಟು ಸಾಮಾನ್ಯವಾದ ವ್ಯವಹಾರ ಇಂಥ ಲೆಕ್ಕದಲ್ಲಿ ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳುವುದು ಆಶ್ಚರ್ಯ.

ಬೇರೆಯಾದ ಮೇಲೆ ಒಬ್ಬರೇ ಕಟ್ಟಿದ ಇಎಂಐ ಇನ್ನೊಂದು ತಕರಾರು. ತಿಂಗಳಿಗೆ ನಲವತ್ತು ಸಾವಿರದಂತೆ ಮೂರು ವರ್ಷ ಹೆಂಡತಿಯೇ ಕಟ್ಟಿದ್ದರೆ 14.4 ಲಕ್ಷ. ಅರ್ಧ ನನಗೆ ಬರಬೇಕು ಎಂದು ಅವಳು. ಅಷ್ಟೂ ದಿನ ನೀನು ಬಾಡಿಗೆ ಇಲ್ಲದೆ ಅಲ್ಲೇ ಇದ್ದೆ, ನಾನು ಹೊರಗೆ ಬಾಡಿಗೆ ಕೊಟ್ಟೆ ಎಂದು ಅವನು. ಎರಡರಲ್ಲೂ ಹುರುಳಿದೆ. ಆ ಮನೆಗೆ ಬರಬಹುದಾಗಿದ್ದ ಬಾಡಿಗೆ ಎಷ್ಟೆಂದು ಅದೇ ವ್ಯಾಲ್ಯುಯರ್ ಕೈಯಲ್ಲಿ ಬರೆಸಿಕೊಂಡರೆ ಈ ಜಗಳ ಅರ್ಧ ಗಂಟೆಯದು.

ಆದರೆ ಯಾರ ವ್ಯಾಲ್ಯುಯರ್? ಇಬ್ಬರೂ ಸೇರಿ ಒಬ್ಬರನ್ನು ನೇಮಿಸಿ, ಇಬ್ಬರೂ ಸಹಿ ಹಾಕಿದ ಪತ್ರದಲ್ಲಿ ಪ್ರಶ್ನೆಗಳನ್ನು ಬರೆದು, ಫೀಸನ್ನು ಅರ್ಧರ್ಧ ಕೊಡುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಮಧ್ಯಸ್ಥಿಕೆಯಲ್ಲಿ ಇದು ಸಾಧ್ಯ. ಮಾತೇ ನಿಂತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಮಾರುಕಟ್ಟೆ ಬೆಲೆ ತಿಳಿಯಲು ಕಮಿಷನರ್ ನೇಮಿಸಿ ಎಂದು ಕೋರ್ಟನ್ನು ಕೇಳಬಹುದು. ಇಬ್ಬರೂ ತಮ್ಮ ತಮ್ಮ ವ್ಯಾಲ್ಯುಯರ್ ವರದಿ ತಂದರೆ ಅವೆರಡೂ ತಜ್ಞರ ಅಭಿಪ್ರಾಯ ಮಾತ್ರ. ನ್ಯಾಯಾಧೀಶರು ಎರಡನ್ನೂ ಒಪ್ಪದೆ ನಡುವಿನ ಅಂಕಿಗೆ ಬರಬಹುದು. ಹಾಗೆ ನಡುವಿಗೇ ಬರುವುದಾದರೆ ತನ್ನದನ್ನು ಇನ್ನಷ್ಟು ಹಿಗ್ಗಿಸಿ ಕೊಡೋಣ ಎಂಬ ಚಾಲಾಕಿತನ ಕೆಲವರಿಗೆ ಹೊಳೆಯುತ್ತದೆ. ಪಾಟಿ ಸವಾಲಿನಲ್ಲಿ ಅದು ಬಯಲಾದರೆ ಇಡೀ ವರದಿಯ ಮೇಲಿನ ನಂಬಿಕೆ ಹೋಗುತ್ತದೆ.

ವ್ಯಾಲ್ಯುಯರ್ ಇಲ್ಲದೆಯೂ ಬೆಲೆ ಗೊತ್ತುಮಾಡುವ ದಾರಿಯೊಂದಿದೆ, ನಮ್ಮ ಹಳ್ಳಿಗಳಿಗೆ ಅದು ಹೊಸದಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಹಿರಿಯನು ಭಾಗ ಮಾಡಬೇಕು, ಕಿರಿಯನು ಮೊದಲು ಆರಿಸಿಕೊಳ್ಳಬೇಕು. ಹಾಗೆಯೇ ಒಬ್ಬರು ಬೆಲೆ ಹೇಳುವುದು, ಅದೇ ಬೆಲೆಗೆ ಕೊಳ್ಳುತ್ತೀರೋ ಮಾರುತ್ತೀರೋ ಎಂದು ಇನ್ನೊಬ್ಬರು ತೀರ್ಮಾನಿಸುವುದು. ಗೋವಾದ ದಾಯಭಾಗದ ವ್ಯವಹಾರಗಳಲ್ಲಿ ಪಾಲುದಾರರ ನಡುವೆಯೇ ಸವಾಲು ಕೂಗಿಸುವ ಪದ್ಧತಿ ಕಾನೂನಿನಲ್ಲೇ ಇದೆ. ನಮ್ಮಲ್ಲೂ 1893ರ ವಿಭಾಗ ಕಾಯ್ದೆ ಇದಕ್ಕೆ ಹತ್ತಿರದ್ದು. ಮೂವತ್ತು ನಲವತ್ತರ ಮನೆಯನ್ನು ಗೋಡೆ ಹಾಕಿ ಎರಡು ಮಾಡಲಾಗದು. ಅಂಥಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿನವರು ಕೇಳಿದರೆ ಕೋರ್ಟು ಮಾರಾಟಕ್ಕೆ ಆದೇಶಿಸಬಹುದು. ಒಬ್ಬರು ಮಾರಾಟ ಕೇಳಿದಾಗ ಇನ್ನೊಬ್ಬರು, ಬೇಡ, ಆ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರೆ ಕೋರ್ಟು ಬೆಲೆ ಕಟ್ಟಿಸಿ ಅವರಿಗೇ ಕೊಡಬೇಕು. ಕೇಳಲು ಚೆಂದ. ಆದರೆ ಕೈಯಲ್ಲಿ ದುಡ್ಡಿದ್ದವರಿಗೆ ಮಾತ್ರ ಚೆಂದ. ಅವಳಿಗೆ ಸಾಲ ಹುಟ್ಟುವುದಿಲ್ಲ ಎಂದು ತಿಳಿದ ಗಂಡ ಕಡಿಮೆ ಬೆಲೆ ಕೂಗಿ, ಬೇಕಾದರೆ ನೀನೇ ತಗೋ ಎನ್ನಬಹುದು. ಸಂಪಾದನೆಯಲ್ಲಿ ಅಜಗಜಾಂತರವಿರುವ ಜೋಡಿಗೆ ಈ ಆಟ ಬೇಡ, ವ್ಯಾಲ್ಯುಯರ್ ಬರಲಿ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡ ದಂಪತಿಗಳ ಕಥೆ ಇನ್ನೂ ಸಿಕ್ಕು. ಅಲ್ಲಿ ಮದುವೆಯಾದ ಮೇಲಿನ ಗಳಿಕೆ ಇಬ್ಬರದೂ ಸಮ. ವೈಟ್‌ಫೀಲ್ಡ್‌ನ ಫ್ಲ್ಯಾಟು ಒಬ್ಬರ ಹೆಸರಿನಲ್ಲೇ ಇದ್ದರೂ ಅಲ್ಲಿನ ಕೋರ್ಟಿಗೆ ಅದರ ಬೆಲೆ ಬೇಕು. ಇಲ್ಲಿ ರೂಪಾಯಿಯಲ್ಲಿ ಬರೆದ ವರದಿಗೆ ಯಾವ ದಿನದ ಡಾಲರ್ ದರ ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಅಲ್ಲಿನ ಆದೇಶದ ಪ್ರತಿ ಹಿಡಿದುಕೊಂಡು ಬಂದರೆ ಇಲ್ಲಿ ಖಾತೆ ಬದಲಾಗುವುದಿಲ್ಲ. ಅಂಥವರು ಇಲ್ಲಿಯ ಫ್ಲ್ಯಾಟು ಯಾರ ಹೆಸರಲ್ಲಿದೆಯೋ ಅವರಿಗೇ ಬಿಟ್ಟು, ಅಲ್ಲಿಯ ಆಸ್ತಿಯಲ್ಲಿ ಸರಿದೂಗಿಸಿಕೊಳ್ಳುವುದೇ ಲೇಸು.

ಇನ್ನು ಮುಗಿಸುವ ದಾರಿಗಳು. ಹೊರಗಿನವರಿಗೆ ಮಾರಿ ಹಣ ಹಂಚಿಕೊಳ್ಳುವುದಾದರೆ ಬೆಲೆಯ ಜಗಳವೇ ಇಲ್ಲ, ಮಾರುಕಟ್ಟೆಯೇ ಹೇಳುತ್ತದೆ. ತೆರಿಗೆ ಮಾತ್ರ ನೆನಪಿರಲಿ. 2024ರ ಜುಲೈ 23ರ ನಂತರದ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ ಶೇ 12.5. ಅದಕ್ಕೂ ಮುಂಚೆ ಕೊಂಡ ಮನೆಯಾದರೆ ಇಲ್ಲಿಯ ನಿವಾಸಿಗಳು ಹಳೆಯ ಶೇ 20ರ ಹಣದುಬ್ಬರದ ಲೆಕ್ಕದೊಂದಿಗೆ ಹೋಲಿಸಿ ಕಡಿಮೆಯದನ್ನು ಕಟ್ಟಬಹುದು. ಮಾರ್ಗಸೂಚಿ ಬೆಲೆಗಿಂತ ಬಹಳ ಕೆಳಗೆ ತೋರಿಸಿ ಮಾರಿದರೆ ತೆರಿಗೆ ಇಲಾಖೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತದೆ.

ಒಬ್ಬರೇ ಉಳಿಸಿಕೊಳ್ಳುವುದಾದರೆ ಹಕ್ಕು ಬಿಡುಗಡೆ ಪತ್ರ ಬೇಕು, ಅದು ಯಾವ ದಿನ ನೋಂದಣಿಯಾಗುತ್ತದೆ ಎಂಬುದರಲ್ಲಿ ದುಡ್ಡಿದೆ. ಗಂಡ ಹೆಂಡತಿಯರಂಥ ಕುಟುಂಬದವರ ನಡುವಿನ ಬಿಡುಗಡೆಗೆ ಕರ್ನಾಟಕದ ಮುದ್ರಾಂಕ ಕಾಯ್ದೆಯಲ್ಲಿ ರಿಯಾಯಿತಿ ಉಂಟು, ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಡಿಕ್ರಿಯಾದ ಮರುದಿನ ಅವರು ಗಂಡ ಹೆಂಡತಿಯಲ್ಲ. ಆಗ ಕ್ರಯದಂತೆಯೇ ಶುಲ್ಕ ಬೀಳಬಹುದು: ಮುದ್ರಾಂಕ ಶೇ 5, ಅದರ ಮೇಲಿನ ಸೆಸ್ಸು, ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ. ಅರ್ಧ ಪಾಲಿನ ಮಾರ್ಗಸೂಚಿ ಬೆಲೆ 60 ಲಕ್ಷವಾದರೆ ಸುಮಾರು ನಾಲ್ಕೂವರೆ ಲಕ್ಷ. ಮನೆ ಕೋರ್ಟಿನ ಮುಂದಿದ್ದ ವಿವಾದದ ವಸ್ತುವೇ ಆಗಿದ್ದು, ರಾಜಿ ಡಿಕ್ರಿಯಲ್ಲೇ ಪಾಲು ಬರೆದಿದ್ದರೆ ನೋಂದಣಿ ಕಾಯ್ದೆಯ 17ನೇ ಕಲಂ ವಿನಾಯಿತಿ ಕೊಡುತ್ತದೆ. ಅದಕ್ಕೇ ವಿಚ್ಛೇದನದ ಅರ್ಜಿಯ ಅನುಸೂಚಿಯಲ್ಲಿ ಚಕ್ಕುಬಂದಿ ಸಮೇತ ಮನೆಯ ವಿವರ ಬರೆಸಬೇಕು. ಹಾಗೆಂದು ರಿಯಾಯಿತಿಯ ಆಸೆಗೆ ಹಣ ಬರುವ ಮೊದಲೇ ಸಹಿ ಹಾಕಬೇಡಿ. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಡಿಡಿ ಕೈಯಲ್ಲಿರಬೇಕು. ಹಕ್ಕು ಬಿಟ್ಟವರ ಹೆಸರು ಸಾಲದ ಖಾತೆಯಿಂದಲೂ ಹೋಗಬೇಕು. ಇಬ್ಬರೂ ಸೇರಿ ಸಹಿ ಹಾಕಿದ ಸಾಲಕ್ಕೆ ವಿಚ್ಛೇದನದ ಡಿಕ್ರಿ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಮನೆ ಉಳಿಸಿಕೊಂಡವರು ತಮ್ಮೊಬ್ಬರ ಹೆಸರಿಗೆ ಸಾಲ ಬದಲಿಸಿಕೊಳ್ಳಲು ಹೋದಾಗ ಬ್ಯಾಂಕು ತನ್ನದೇ ವ್ಯಾಲ್ಯುಯರ್‌ನನ್ನು ಕಳಿಸುತ್ತದೆ. ಅವರು ಕಟ್ಟುವ ಬೆಲೆ ಒಪ್ಪಂದದ ಬೆಲೆಗಿಂತ ಕೆಳಗಿದ್ದರೆ ಸಿಗುವ ಸಾಲವೂ ಕಡಿಮೆ, ಪಾಲು ಕೊಡಲು ದುಡ್ಡು ಸಾಲದು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಎಷ್ಟು ಸಾಲ ಕೊಡುತ್ತೀರಿ ಎಂದು ಬರಹದಲ್ಲಿ ಕೇಳಿ ಬರುವುದು ಒಳ್ಳೆಯದು.